ತುಟಿಗೆ ತಾಗಿದ ಕುಂಚ

ಫೆಬ್ರವರಿ ೧೧

ಪರೀಕ್ಷಾಲಯದ ಮಹಾ ವಿಜ್ಞಾನಿಗಳಿಗೆ,

ತಾವು ಸಹಿ ಹಾಕಿ ಕಳುಹಿಸಿದ ವರದಿಯ ದರ್ಶನವಾಯಿತು. ಬಂದದ್ದು ನಮಗಲ್ಲ, ನಮ್ಮ ಮಣ್ಣಿನ ತಟ್ಟೆಗಳನ್ನು ಕೊಳ್ಳುವ ವ್ಯಾಪಾರಿಗೆ. ಅವನು ಅದನ್ನು ಸತ್ತ ಇಲಿಯನ್ನು ಹಿಡಿದ ಹಾಗೆ ಎರಡೇ ಬೆರಳಲ್ಲಿ ಹಿಡಿದುಕೊಂಡು ಬಂದು ನನ್ನ ಬೆಂಚಿನ ಮೇಲೆ ಹಾಕಿದ. "ಏನಮ್ಮಾ, ನಿಮ್ಮ ತಟ್ಟೇಲಿ ಸೀಸದ ವಿಷ ಇದೆಯಂತಲ್ಲ?" ಅಂದ. ನಾನು ಮೊದಲು ನೋಡಿದ್ದು ಕೆಳಗಿನ ಸಹಿಯನ್ನು. ಕಾಗೆ ಕಾಲು ಗುಬ್ಬಿ ಕಾಲು. ಸ್ವಂತ ಹೆಸರನ್ನು ಇಷ್ಟು ಕೆಟ್ಟದಾಗಿ ಬರೆಯುವವನು ಪ್ರಪಂಚದಲ್ಲಿ ಒಬ್ಬನೇ. ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೈ ಹಿಡಿದು ಸ್ಲೇಟಿನ ಮೇಲೆ ತಿದ್ದಿಸಿದ ಪಾಪಿ ನಾನು.

ಹತ್ತೊಂಬತ್ತು ವರ್ಷ ಒಂದು ಕಾಗದ ಹಾಕದವನು ನೀನು. ಅಪ್ಪ ಹೋದಾಗ ತಂತಿ ಕೊಟ್ಟರೂ ಬರದವನು. ಗೇಟು ದಾಟಿದ ಮೇಲೆ ಒಂದು ಸಲವಾದರೂ ತಿರುಗಿ ನೋಡಿದೆಯಾ? ಈಗ ಮನೆ ನೆನಪಾಗಿದೆ, ಅದೂ ಮನೆಯ ಅನ್ನಕ್ಕೆ ಕಲ್ಲು ಹಾಕುವುದಕ್ಕೆ. ಅಪ್ಪನ ಕೈಯ ಮೆರುಗು ಅದು. ಐವತ್ತು ವರ್ಷದಿಂದ ಅದೇ ಪುಡಿ, ಅದೇ ಭಟ್ಟಿ, ತಟ್ಟೆಯ ಮೇಲೆ ಅದೇ ಹಸಿರೆಲೆಯ ಚಿತ್ರ. ಅದರಲ್ಲಿ ಉಂಡವರು ಯಾರೂ ಊಟದ ಮಧ್ಯೆ ಸತ್ತು ಬಿದ್ದಿಲ್ಲ.

ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ಮೈಯೆಲ್ಲಾ ಉರಿಯುತ್ತದೆ. ಹೇಳುವುದು ಏನಾದರೂ ಇದ್ದರೆ ಬರೆ, ಓದಲಾಗದಿದ್ದರೆ ಒಲೆಗಾದರೂ ಆಗುತ್ತದೆ.

ಇಂತಿ,
ತಮ್ಮ ವರದಿಯ ಪ್ರಕಾರ ವಿಷ ಮಾರುವವಳು,
ಅಕ್ಕ


ಫೆಬ್ರವರಿ ೨೭

ಅಕ್ಕನಿಗೆ,

ಬೈಗುಳ ತಲುಪಿತು. ಎರಡೂ ಮಗ್ಗುಲು ತುಂಬಿ ಅಂಚಿನಲ್ಲೂ ಬರೆದಿದ್ದೀಯ. ನಿನ್ನ ಅಕ್ಷರ ಇನ್ನೂ ಅಚ್ಚು ಹೊಡೆದ ಹಾಗೇ ಇದೆ. ಬೈಯುವುದಕ್ಕೂ ಇಷ್ಟು ದುಂಡಗೆ ಬರೆಯುವವರನ್ನು ನಾನು ನೋಡಿಲ್ಲ.

ನಮ್ಮ ಮೇಜಿಗೆ ಬರುವ ಮಾಲಿಗೆ ಒಂದು ನಂಬರು ಇರುತ್ತದೆ, ಹೆಸರು ಇರುವುದಿಲ್ಲ. ಸುತ್ತಿದ್ದ ಹುಲ್ಲು ಬಿಡಿಸಿ ತಟ್ಟೆಯನ್ನು ಬೆಳಕಿಗೆ ಹಿಡಿದಾಗಲೇ ಎಲೆ ಕಂಡದ್ದು. ಕುಂಚದ ಮೂರೇ ಮೂರು ಎಳೆತ, ತೊಟ್ಟು ಎಡಕ್ಕೆ. ನಮ್ಮ ಮನೆಯದೇ ಅಂತ ಗೊತ್ತಾಯಿತು. ಗೊತ್ತಾದ ಮೇಲೆ ಒಂದು ಸಲ ಮಾಡಬೇಕಾದ ಪರೀಕ್ಷೆಯನ್ನು ಮೂರು ಸಲ ಮಾಡಿದೆ. ವಿನೆಗರ್ ತುಂಬಿಸಿ ಇಡೀ ದಿನ ಇಟ್ಟು, ಆ ವಿನೆಗರಿಗೆ ಎಷ್ಟು ಸೀಸ ಇಳಿದಿದೆ ಅಂತ ಅಳೆಯುವುದು. ಲೆಕ್ಕ ತಪ್ಪಾಗಲಿ ಅಂತಲೇ ಅಳೆದೆ. ಮೂರು ಸಲವೂ ತಪ್ಪಾಗಲಿಲ್ಲ.

ನೀವು "ಹಳದಿ ಪುಡಿ" ಅನ್ನುತ್ತೀರಲ್ಲ, ಅದಕ್ಕೆ ಲೆಡ್ ಮಾನಾಕ್ಸೈಡ್ ಅಂತ ಹೆಸರಿದೆ. ಕರಗಿದ ಸೀಸಕ್ಕೆ ಗಾಳಿ ತಾಗಿದರೆ ಆಗುವ ಪುಡಿ. ಹಿಡಿಯಷ್ಟು ಪುಡಿಗೆ ಕಲ್ಲಿನಷ್ಟು ತೂಕ. ನೀರಿಗೆ ಜಗ್ಗುವುದಿಲ್ಲ, ಹುಳಿಗೆ ಕರಗುತ್ತದೆ. ಮರಳಿನ ಜೊತೆ ಸೇರಿದರೆ ಸಣ್ಣ ಬೆಂಕಿಯಲ್ಲೇ ಗಾಜಾಗುತ್ತದೆ, ಅದಕ್ಕೇ ನಿಮ್ಮ ಹಳೇ ಭಟ್ಟಿಗೆ ಅದು ಅಷ್ಟು ಇಷ್ಟ. ಬ್ಯಾಟರಿಯ ಒಳಗಿನ ಪಟ್ಟಿಗಳಿಗೆ ಅದನ್ನೇ ಮೆತ್ತುತ್ತಾರೆ. ಥಳಥಳಿಸುವ ಗಾಜಿನ ಲೋಟಕ್ಕೆ, ರಬ್ಬರಿಗೆ, ಪೈಪಿನ ಬೆಸುಗೆಗೆ, ಎಕ್ಸ್‌ರೇ ಕೋಣೆಯ ಕಿಟಕಿಗೆ, ಎಲ್ಲದಕ್ಕೂ ಬೇಕು. ಉಣ್ಣುವ ತಟ್ಟೆಗೆ ಮಾತ್ರ ಬೇಡ.

ನಿಮ್ಮ ಬಿಳಿ ತಟ್ಟೆ ಹೇಗೋ ಪಾಸಾಗುತ್ತದೆ, ಚೆನ್ನಾಗಿ ಸುಟ್ಟಿದ್ದೀರಿ. ಫೇಲಾಗಿದ್ದು ಹಸಿರೆಲೆ. ಅಪ್ಪ ಅದೇ ಮೆರುಗಿಗೆ "ಒಂದು ಚಿಟಿಕೆ ತಾಮ್ರ" ಹಾಕುತ್ತಿದ್ದನಲ್ಲ, ಆ ತಾಮ್ರ ಸೀಸದ ಹಿಡಿತ ಸಡಿಲಿಸುತ್ತದೆ. ಒಂದು ಬಣ್ಣ ಪಾಸಾದರೆ ಎಲ್ಲಾ ಬಣ್ಣವೂ ಪಾಸು ಅಂತ ಐವತ್ತು ವರ್ಷ ನಂಬುವುದಕ್ಕೆ ನಮ್ಮ ಮನೆಯವರೇ ಆಗಬೇಕು.

ತಿರುಗಿ ನೋಡಲಿಲ್ಲ ಅಂದೆಯಲ್ಲ. ಆ ದಿನ ಬೆಳಿಗ್ಗೆ ಗೇಟಿನ ಹತ್ತಿರ ಟ್ರಂಕು ಕೆಳಗಿಟ್ಟು ಅಪ್ಪನಿಗೆ ಕೈ ಎತ್ತಿದೆ. ಅಂಗಳದ ಬೆಂಚಿನ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದ ಮನುಷ್ಯ ಕದಲಲಿಲ್ಲ. ನಾಯಿ ಮನೆ ಬಿಟ್ಟು ಹೊರಟರೂ ಜನ ಒಮ್ಮೆ ಕೈ ಬೀಸುತ್ತಾರೆ. ನಾನು ಎಣಿಸುತ್ತಾ ನಿಂತೆ, ಮೂವತ್ತರವರೆಗೆ. ಆಮೇಲೆ ತಿರುಗಿ ಯಾಕೆ ನೋಡಲಿ?

ಇಂತಿ,
ತಮ್ಮ


ಮಾರ್ಚ್ ೨೦

ವಿಜ್ಞಾನಿಗಳೇ,

ಪಾಠ ಓದಿದೆ. ಭಟ್ಟಿ ನೋಡಿಕೊಳ್ಳುವ ಸೋದರಮಾವನಿಗೂ ಓದಿ ಹೇಳಿದೆ. "ಇವ್ನು ಚಿಕ್ಕವನಿದ್ದಾಗ ಒಂದು ತಟ್ಟೆ ಒಡೀದೆ ಎತ್ತಿಡ್ತಿರಲಿಲ್ಲ, ಈಗ ಪರೀಕ್ಷೆ ಮಾಡ್ತಾನಂತಾ?" ಅಂದ. ನಕ್ಕೂ ನಕ್ಕೂ ಕೆಮ್ಮಿದ.

ಅಪ್ಪ ನಿನ್ನನ್ನು ಸರಿಯಾಗಿಯೇ ಅಳೆದಿದ್ದ. ಗೆರೆ ಎಳೆಯುವ ಮುಂಚೆ ಕುಂಚದ ತುದಿಯನ್ನು ತುಟಿಯಲ್ಲಿ ಒತ್ತಿ ಚೂಪು ಮಾಡು ಅಂದರೆ ನೀನು ನೀರಿನ ಬಟ್ಟಲಲ್ಲಿ ಅದ್ದುತ್ತಿದ್ದೆ. "ಥೂ, ಸಿಹಿ ಸಿಹಿ" ಅಂತ ಉಗಿಯುತ್ತಿದ್ದೆ. ನೀರಲ್ಲಿ ಅದ್ದಿದರೆ ಕೂದಲು ಅಗಲವಾಗುತ್ತದೆ, ತುಟಿಗೆ ಕೊಟ್ಟರೆ ಮಾತ್ರ ಸೂಜಿಯಾಗುತ್ತದೆ. ನಿನ್ನ ಎಲೆಗಳೆಲ್ಲ ಎಮ್ಮೆ ತುಳಿದ ಹಾಗೆ ಬರುತ್ತಿದ್ದವು. "ಇವನಿಗೆ ಬಣ್ಣ ಬಾಯಿಗೇ ಹತ್ತಲ್ಲ" ಅಂತ ಅಪ್ಪ ನಿನ್ನನ್ನು ಬೆಂಚಿನಿಂದ ಎಬ್ಬಿಸಿದ್ದು ನೆನಪಿದೆಯಾ? ನಾನು ಇಪ್ಪತ್ತೆಂಟು ವರ್ಷದಿಂದ ದಿನಕ್ಕೆ ಇನ್ನೂರು ಎಲೆ ಬರೆಯುತ್ತಿದ್ದೇನೆ. ಒಂದೊಂದು ಎಲೆಗೂ ಒಂದು ಸಲ ತುಟಿ. ನಾನಿನ್ನೂ ಗುಂಡುಕಲ್ಲಿನ ಹಾಗೆ ಇದ್ದೇನೆ, ನೋಡಿಕೋ. ಸ್ವಲ್ಪ ಹೊಟ್ಟೆ ನುಲಿಯುತ್ತದೆ, ಊಟ ರುಚಿಸುವುದಿಲ್ಲ. ಅದು ನಿನ್ನ ಕಾಗದ ಓದಿದ್ದರ ಫಲ. ಮೊನ್ನೆ ಕೈಯಿಂದ ಕುಂಚ ಜಾರಿ ಒಂದು ಹೂಜಿ ಹಾಳಾಯಿತು, ಅದೂ ನಿನ್ನ ಖಾತೆಗೇ.

ಅಪ್ಪನನ್ನು ಬೈಯುವುದಾದರೆ ನನ್ನನ್ನು ಕೇಳು, ನಾನು ಹೇಳಿಕೊಡುತ್ತೇನೆ. ಕೊನೆಯ ಮೂರು ವರ್ಷ ಆ ಮನುಷ್ಯ ಒಂದು ಗೆರೆ ಎಳೆಯಲಿಲ್ಲ. ಮಗಳು ಕಲಿತಾಯಿತಲ್ಲ, ಇನ್ನು ನಾನ್ಯಾಕೆ ಅಂತ ಎಲ್ಲಾ ತಟ್ಟೆಗಳನ್ನೂ ನನ್ನ ತಲೆಗೆ ಕಟ್ಟಿ, ಬಲಗೈಯನ್ನು ಅಂಗಿಯ ಜೇಬಿಗೆ ಇಳಿಬಿಟ್ಟು, ದೊಡ್ಡ ಯಜಮಾನನ ಠೀವಿಯಲ್ಲಿ ಅಂಗಳ ಸುತ್ತುತ್ತಿದ್ದ. ನೀನು ಹೊರಡುವ ವರ್ಷವೇ ಶುರುವಾಗಿತ್ತು ಆ ಸೋಮಾರಿತನ. ನಾನು ಮಾತ್ರ ಬಿಟ್ಟು ಓಡಿಹೋಗಲಿಲ್ಲ. ಬೈದುಕೊಂಡೇ ಬಡಿಸಿದೆ.

ಇಂತಿ,
ತುಟಿ ಕೆಂಪಗೇ ಇರುವ ನಿನ್ನ ಅಕ್ಕ


ಏಪ್ರಿಲ್ ೮

ಅಕ್ಕನಿಗೆ,

ಸ್ಲೇಟು ತಿದ್ದಿಸಿದ ಮೇಡಂ ಅವರೇ, ನಿಮ್ಮ ಅಕ್ಷರಕ್ಕೆ ಏನಾಯಿತು? ಮೊದಲ ಮೂರು ಸಾಲು ಅಚ್ಚುಕಟ್ಟು, ಆಮೇಲೆ ಒಂದೊಂದು ಸಾಲೂ ಇಳಿಜಾರಿನಲ್ಲಿ ಜಾರಿದೆ. ಕೊನೆಯ ಸಹಿಯನ್ನು ನನ್ನ ಸಹಿಯ ಪಕ್ಕದಲ್ಲಿ ಇಟ್ಟು ನೋಡಿದೆ. ನನ್ನದೇ ಚೆನ್ನಾಗಿದೆ. ಸಿಟ್ಟಿಗೆ ಕೈ ನಡುಗಿರಬೇಕು, ಅಷ್ಟಾದರೂ ನಾಟಿತಲ್ಲ ಅಂತ ಖುಷಿಪಟ್ಟೆ.

ಆದರೆ ಕುಂಚವನ್ನು ತುಟಿಗೆ ಇಡುವುದನ್ನು ಇನ್ನೂ ಬಿಟ್ಟಿಲ್ಲವಾ? ಓದಿ ತಲೆ ಚಚ್ಚಿಕೊಂಡೆ. ಇಲ್ಲಿಗೆ ಬರುವ ಮುಂಚೆ ನಾನು ಆರು ವರ್ಷ ಬ್ಯಾಟರಿ ಕಾರ್ಖಾನೆಯಲ್ಲಿದ್ದೆ. ಅದೇ ಹಳದಿ ಪುಡಿ, ಡ್ರಮ್ಮುಗಟ್ಟಲೆ. ಅಲ್ಲಿಯವರು ಮುಖಕ್ಕೆ ಮಾಸ್ಕ್ ಇಲ್ಲದೆ ಒಳಗೆ ಕಾಲಿಡುವ ಹಾಗಿಲ್ಲ. ಕೆಲಸದ ಕೋಣೆಯಲ್ಲಿ ಟೀ ಕುಡಿದರೆ ಮನೆಗೆ ಕಳಿಸುತ್ತಾರೆ. ಉಗುರು ಕಚ್ಚುವ ಚಟ ಇದ್ದವನಿಗೆ ಬೇರೆ ಕೆಲಸ ಕೊಡುತ್ತಾರೆ. ಕೆಲವು ತಿಂಗಳಿಗೊಮ್ಮೆ ರಕ್ತ ತೆಗೆದು ನೋಡಿ, ಸೀಸ ಹೆಚ್ಚಾಗಿದ್ದರೆ ಪುಡಿಯಿಂದ ದೂರ ಹಾಕುತ್ತಾರೆ. ನೀನು ಅದನ್ನು ದಿನಕ್ಕೆ ಇನ್ನೂರು ಸಲ ನೆಕ್ಕಿ, ಗುಂಡುಕಲ್ಲು ಅಂತ ಬೀಗುತ್ತಿದ್ದೀಯ. ಹೆಮ್ಮೆಪಡುವುದಕ್ಕೆ ಬೇರೆ ಏನೂ ಸಿಗಲಿಲ್ಲವಾ?

ಇದರ ಜೊತೆ ಒಂದು ಚೀಟಿ ಇದೆ. ಸೀಸ ಇಲ್ಲದ ಮೆರುಗಿನ ಪಾಕ, ನಾನೇ ಅಳತೆ ಹಾಕಿದ್ದು. ಬೆಂಕಿ ಜಾಸ್ತಿ ಬೇಕು, ಹೊಳಪು ಸ್ವಲ್ಪ ಕಡಿಮೆ. ಕುಂಚವನ್ನು ಒದ್ದೆ ಸ್ಪಂಜಿಗೆ ಒತ್ತಿ ಚೂಪು ಮಾಡು. ಹೊಸ ಮೆರುಗು ಕೈಗೆ ಹತ್ತುವವರೆಗೆ ಹಸಿರೆಲೆ ಮಾಡುವುದು ನಿಲ್ಲಿಸು, ಮಾಡಿದ್ದನ್ನು ಮಾರಬೇಡ.

ಅಪ್ಪನ ಸೋಮಾರಿತನದ ಕಥೆ ಕೇಳಿ ನನಗೇನೂ ಆಶ್ಚರ್ಯವಾಗಲಿಲ್ಲ. ಮಗನಿಗೆ ಕೈ ಎತ್ತಲು ಆಲಸ್ಯಪಟ್ಟವನು ಕುಂಚವನ್ನು ಎತ್ತುತ್ತಾನಾ?

ಇಂತಿ,
ತಮ್ಮ


ಜೂನ್ ೩

ತಮ್ಮನಿಗೆ,

ಮೇಜಿನ ಒಂದು ಕಾಲು ಗಿಡ್ಡ. ಅದಕ್ಕೇ ಸಾಲು ಜಾರುವುದು.

ನಿನ್ನ ಪಾಕ ಹಾಕಿ ನೋಡಿದೆ. ಸತ್ತ ಮೀನಿನ ಕಣ್ಣಿನ ಹಾಗೆ ಇದೆ. ಅಂಥದ್ದರ ಮೇಲೆ ಎಲೆ ಬರೆಯುವ ಬದಲು ಗೋಡೆಗೆ ಸುಣ್ಣ ಬಳಿಯುತ್ತೇನೆ. ವ್ಯಾಪಾರಿ ಬೇರೆ ಕಡೆ ಹೋದ, ಹೋಗಲಿ ಬಿಡು. ನಮ್ಮದೇ ಬೀದಿಯವರು ಕೇಳಿದ ತಟ್ಟೆಗಳಿವೆ. ಎಲೆ ಸರಿಯಾಗಿ ಬರುತ್ತಿಲ್ಲ. ಕುಂಚದ ಕೂದಲು ಕೆಟ್ಟದ್ದು ಬಂದಿದೆ ಈ ಸಲ. ಸಾಕು.

ಅಕ್ಕ

ಮಗಾ, ಕೆಳಗಡೆ ಬರೀತಿರೋದು ನಾನು, ನಿನ್ನ ಮಾವ. ಅಂಚೆಗೆ ಹಾಕೋಕೆ ಕೊಟ್ಟಳು, ಅವಳಿಗೆ ಗೊತ್ತಿಲ್ಲದ ಹಾಗೆ ಬಿಚ್ಚಿ ಸೇರಿಸ್ತಿದೀನಿ. ಮೇಜಿನ ಕಾಲು ನೆಟ್ಟಗಿದೆ ಮಾರಾಯ, ನಾನೇ ನೋಡಿದೆ. ನಿಮ್ಮಕ್ಕ ಟೀ ಲೋಟಾನ ಎರಡು ಕೈಲಿ ಎತ್ತುತಾಳೆ. ತಲೆ ಬಾಚೋದು ಎಡಗೈಲಿ. ಕೇಳಿದ್ರೆ ಪೊರಕೆ ತಗೋತಾಳೆ, ಅದೂ ಎಡಗೈಲೇ. ಕುಂಚದ ಕೂದಲು ಒಳ್ಳೇದೇ, ತಂದಿದ್ದು ನಾನು. ನಿಂಗೆ ಓದು ಬರುತ್ತಲ್ಲ, ಏನು ಅಂತ ಸ್ವಲ್ಪ ನೋಡು. ನಂಗೆ ಭಯ ಆಗ್ತಿದೆ.


ಜೂನ್ ೮

ಅಕ್ಕ,

ಇದನ್ನು ಓದಿ ಮುಗಿಸುವವರೆಗೆ ಬೈಯಬೇಡ. ಮಾವನನ್ನೂ ಬೈಯಬೇಡ.

ಎದ್ದು ನಿಂತು ಎರಡೂ ಕೈಗಳನ್ನು ಮುಂದಕ್ಕೆ ನೆಟ್ಟಗೆ ಚಾಚು. ಅಂಗೈ ನೆಲದ ಕಡೆ ಇರಲಿ. ಈಗ ತೋಳು ಅಲ್ಲಾಡಿಸದೆ ಮಣಿಕಟ್ಟಿನಿಂದ ಎರಡೂ ಹಸ್ತಗಳನ್ನು ಮೇಲಕ್ಕೆ ಎತ್ತು, ಯಾರನ್ನೋ "ನಿಲ್ಲು" ಅನ್ನುವ ಹಾಗೆ. ಎರಡೂ ಏಳುತ್ತವಾ? ಕನ್ನಡಿಯ ಮುಂದೆ ಬಾಯಿ ತೆರೆದು ವಸಡು ನೋಡಿಕೋ. ಹಲ್ಲಿನ ಬುಡದಲ್ಲಿ ನೀಲಿ ಕಪ್ಪಿನ ಗೆರೆ ಇದೆಯಾ? ಕೈ ನೋವಿಲ್ಲ, ಜೋಮು ಇಲ್ಲ, ಹಿಡಿದದ್ದು ಜಾರುತ್ತದೆ ಅಷ್ಟೇ ಅನ್ನುತ್ತೀಯ ತಾನೇ? ನೋವಿಲ್ಲದಿರುವುದೇ ಅದರ ಗುರುತು. ಸೀಸ ಮೈಯಲ್ಲಿ ಸೇರಿದರೆ ಹೆಚ್ಚು ದುಡಿಯುವ ಕೈಯ ನರವನ್ನೇ ಮೊದಲು ಹಿಡಿಯುತ್ತದೆ.

ಹಸ್ತ ಏಳದಿದ್ದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗು. ಸೀಸಕ್ಕೆ ರಕ್ತ ಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳು, ಕೇಳದಿದ್ದರೆ ಅವರಿಗೆ ಹೊಳೆಯುವುದಿಲ್ಲ. ಔಷಧಿ ಇದೆ. ಪುಡಿಯಿಂದ ದೂರ ಇದ್ದರೆ ಕೈ ಕೆಲವು ತಿಂಗಳಲ್ಲಿ ವಾಪಸು ಬರಬಹುದು, ಎಷ್ಟು ಬೇಗ ನಿಲ್ಲಿಸುತ್ತೀಯ ಅನ್ನುವುದರ ಮೇಲೆ ನಿಂತಿದೆ. ಇನ್ನೂ ನೆಕ್ಕುತ್ತಾ ಕೂತರೆ ಆ ಕೈ ನಿನ್ನದಲ್ಲ.

ಏಪ್ರಿಲ್‌ನಲ್ಲಿ ನಿನ್ನ ಅಕ್ಷರ ನೋಡಿ ನಾನು ನಕ್ಕೆ. ಓದಿದ ಕತ್ತೆ ನಾನು. ನನ್ನನ್ನು ಎಷ್ಟು ಬೇಕಾದರೂ ತುಚ್ಛವಾಗಿ ನೋಡು. ಆದರೆ ಕೈ ಚಾಚಿ ನೋಡಿ, ಏನಾಯಿತು ಅಂತ ಬರೆ.

ತಮ್ಮ


ಜೂನ್ ೨೬

ತಮ್ಮಾ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ನಾಲ್ಕು ದಿನದಿಂದ ಬರೆಯುತ್ತಿರುವ ಕಾಗದ ಇದು. ಅಕ್ಷರ ನಿನ್ನದರ ಹಾಗೇ ಇದೆ, ಹೊಟ್ಟೆ ತುಂಬಾ ನಗು.

ನಿನ್ನ ಕಾಗದ ಬಂದ ದಿನ ಹರಿದು ಹಾಕಿದೆ. ಮಾರನೇ ದಿನ ತುಂಡು ಜೋಡಿಸಿ ಓದಿದೆ. ಯಾರೂ ಇಲ್ಲದಾಗ ಬೆಂಚಿನ ಮುಂದೆ ನಿಂತು ಕೈ ಚಾಚಿದೆ. ಎಡದ ಹಸ್ತ ಎದ್ದಿತು. ಬಲದ್ದು ಒಣಗಹಾಕಿದ ಬಟ್ಟೆಯ ಹಾಗೆ ನೇತಾಡುತ್ತಿತ್ತು. ಏಳು ಅಂದೆ, ಏಳು ಮುಂಡೇದೇ ಅಂದೆ. ಏಳಲಿಲ್ಲ. ಇಪ್ಪತ್ತೆಂಟು ವರ್ಷ ನಾನು ಹೇಳಿದ್ದನ್ನು ಕೇಳಿದ ಕೈ ಕಣೋ ಅದು. ನೆಲದ ಮೇಲೆ ಕೂತು ಅತ್ತೆ. ನಿನಗೆ ಹೇಳಬಾರದು ಅಂದುಕೊಂಡಿದ್ದೆ, ಹೇಳಿದ್ದೇನೆ.

ಮಾವ ಆಸ್ಪತ್ರೆಗೆ ಕರೆದುಕೊಂಡು ಹೋದ. ವಸಡಿನಲ್ಲಿ ಗೆರೆ ಇದೆ. ರಕ್ತದಲ್ಲಿ ಸೀಸ ಇದೆ, ಡಾಕ್ಟರು ಪರೀಕ್ಷೆಯ ಚೀಟಿಯನ್ನು ಎರಡು ಸಲ ಓದಿದರು. ಬರುವ ತಿಂಗಳ ಎರಡನೇ ಸೋಮವಾರ ಸೇರಿಸಿಕೊಳ್ಳುತ್ತಾರೆ. ಹಳದಿ ಪುಡಿಯ ಪೀಪಾಯಿಗೆ ಮಾವ ಬೀಗ ಹಾಕಿದ್ದಾನೆ. ಬೀದಿಯವರ ಮನೆಗಳಿಂದ ಹಸಿರೆಲೆ ತಟ್ಟೆಗಳನ್ನು ನಾನೇ ಕೇಳಿ ವಾಪಸು ತಂದೆ. "ಏನಾಯ್ತಮ್ಮಾ ತಟ್ಟೆಗೆ?" ಅಂತ ಕೇಳಿದರು. "ನನ್ನ ತಮ್ಮನಿಗೆ ಹಿಡಿಸಲಿಲ್ಲ" ಅಂದೆ.

ಈಗ ಇನ್ನೊಂದು ಮಾತು. ಇದಕ್ಕೇ ನಾಲ್ಕು ದಿನ ಹಿಡಿದದ್ದು.

ಕೈ ನೇತಾಡುತ್ತಿದ್ದುದನ್ನು ಮಾವ ನೋಡಬಾರದು ಅಂತ ನಾನು ಅದನ್ನು ಏನು ಮಾಡಿದೆ ಗೊತ್ತಾ? ಕೆಲಸದ ಅಂಗಿಯ ಜೇಬಿಗೆ ಇಳಿಬಿಟ್ಟೆ. ಇಳಿಬಿಟ್ಟಾದ ಮೇಲೆ ಅಲ್ಲೇ ನಿಂತುಬಿಟ್ಟೆ. ಅಪ್ಪ ತಟ್ಟೆಗೆ ತಲೆ ಬಗ್ಗಿಸಿಕೊಂಡು ಎಡಗೈಲಿ ತಿನ್ನುತ್ತಿದ್ದ, ನಾಯಿಯ ಹಾಗೆ ತಿಂತೀಯಲ್ಲ ಅಂತ ನಾನು ಬೈದಿದ್ದೆ. ಮೂರು ವರ್ಷ ಬೈದೆ. ನನಗೆ ಕಲಿಸಿದ ಆ ಕೈ ಹೋಗಿತ್ತು. ಕುಶಲಕರ್ಮಿ ಅಂತ ಹೆಸರು ಮಾಡಿದ ಮನುಷ್ಯ, ಕೈ ಹೋಯಿತು ಅಂತ ಹೇಳುವ ಬದಲು ಸೋಮಾರಿ ಅನ್ನಿಸಿಕೊಂಡ.

ನೀನು ಹೋದ ದಿನ ಬೆಂಚಿನ ಪಕ್ಕದಲ್ಲಿ ನಾನಿದ್ದೆ. ಅಂಗಳದಲ್ಲಿ ಕೆಲಸದವರೆಲ್ಲಾ ನಿಂತಿದ್ದರು. ಅಪ್ಪನ ಬಲಗೈ ಜೇಬಲ್ಲಿತ್ತು, ಎಡಗೈ ಆ ಜೇಬನ್ನು ಒತ್ತಿ ಹಿಡಿದಿತ್ತು. ನೀನು ಬೀದಿ ತಿರುಗಿದೆ, ಜನ ಒಳಗೆ ಹೋದರು. ನನಗೂ ಒಳಗೆ ಹೋಗು ಅಂದ. ಬಾಗಿಲಲ್ಲಿ ನಾನು ತಿರುಗಿ ನೋಡಿದೆ. ಅಪ್ಪ ಬಲಗೈಯನ್ನು ಜೇಬಿಂದ ತೆಗೆದು, ಎಡಗೈಯಲ್ಲಿ ಅದರ ಮಣಿಕಟ್ಟು ಹಿಡಿದು, ಹೆಗಲಿನ ಎತ್ತರಕ್ಕೆ ಎತ್ತಿದ. ಬೆರಳುಗಳನ್ನು ಎಡಗೈಯ ಹೆಬ್ಬೆರಳಿಂದ ನೆಟ್ಟಗೆ ನಿಲ್ಲಿಸಿದ. ಖಾಲಿ ಗೇಟಿನ ಕಡೆಗೆ ಹಾಗೇ ಹಿಡಿದುಕೊಂಡು ಕೂತಿದ್ದ, ತುಂಬಾ ಹೊತ್ತು. ಕೈ ಉಳುಕಿರಬೇಕು, ತಿಕ್ಕಿಕೊಳ್ಳುತ್ತಿದ್ದಾನೆ ಅಂದುಕೊಂಡು ನಾನು ಒಳಗೆ ಹೋದೆ. ಹತ್ತೊಂಬತ್ತು ವರ್ಷ ಹಾಗೇ ಅಂದುಕೊಂಡಿದ್ದೆ.

ಅಕ್ಕ


ಜುಲೈ ೧

ಅಕ್ಕ,

ಸೀಸದಿಂದ ಹಸ್ತ ಜೋತುಬೀಳುತ್ತದೆ ಅಂತ ಪ್ರತಿ ವರ್ಷ ಹೊಸಬರಿಗೆ ಪಾಠ ಮಾಡುವವನು ನಾನು. ಚಿತ್ರ ತೋರಿಸಿ, ಹೀಗೆ ಕೈ ಚಾಚಿ ಅಂತ ನಿಲ್ಲಿಸಿ ಮಾಡುತ್ತೇನೆ. ನಿನಗೆ ಆ ಪರೀಕ್ಷೆ ಬರೆದು ಕಳಿಸುವಾಗಲೂ ಬೆಂಚಿನ ಮೇಲೆ ಕೂತಿದ್ದ ಅಪ್ಪನ ಆ ಕೈ ನೆನಪಾಗಲಿಲ್ಲ. ಮೂವತ್ತರವರೆಗೆ ಎಣಿಸಿದೆ ಅಂತ ಜಂಬದಿಂದ ಬರೆದಿದ್ದೆನಲ್ಲ, ಇನ್ನೊಂದು ಮೂವತ್ತು ಎಣಿಸಬೇಕಾಗಿತ್ತು. ತಂತಿ ಬಂದಾಗ ಬರಬೇಕಾಗಿತ್ತು. ಬರಲಿಲ್ಲ.

ನೀನು ಆಸ್ಪತ್ರೆ ಸೇರುವ ಹಿಂದಿನ ದಿನ, ಭಾನುವಾರ, ಹತ್ತೂವರೆ ಬಸ್ಸಿಗೆ ಬರುತ್ತೇನೆ, ಸೋಮವಾರ ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಹತ್ತು ಗಂಟೆಯಿಂದ ಅಂಗಳದ ಬೆಂಚಿನ ಮೇಲೆ ಕೂತಿರು. ಗೇಟಿನ ಹತ್ತಿರ ಬಂದ ಕೂಡಲೇ ಕೈ ಎತ್ತುತ್ತೇನೆ. ನೀನು ಎತ್ತಬೇಕಾಗಿಲ್ಲ. ಅಲ್ಲಿಂದಲೇ ಗಟ್ಟಿಯಾಗಿ ಬೈ, ಸಾಕು.

ತಮ್ಮ